ಹೆಂಗಸರ ಅಂಗಸಾಧನೆ: ಕೆಲವು ತಪ್ಪು ತಿಳಿವಳಿಕೆಗಳು



ಊರಿನಿಂದ ಬಂದ ತಾಯಿಯೋ ಅತ್ತೆಯೋ ಚಾಳಿನ ಮೂರನೆಯ ಮಹಡಿ ಸೇರಿದ ಮೇಲೆ ತಿಂಗಳುಗಟ್ಟಲೆ ಕೆಳಗಿಳಿಯದೆ ಉಳಿಯುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ನೆಲದ ಮೇಲೆ ಕೂತವರು ಏಳಬೇಕಾದರೆ ಗೋಡೆ ಹಿಡಿಯಬೇಕು, ಇಲ್ಲವೇ ಯಾರಾದರೂ ಕೈ ಕೊಡಬೇಕು. ಕೇಳಿದರೆ, "ವಯಸ್ಸಾಯಿತಲ್ಲಪ್ಪ" ಎನ್ನುತ್ತಾರೆ. ವಯಸ್ಸೊಂದೇ ಕಾರಣವಲ್ಲ. ದುಡಿಸದ ಮಾಂಸಖಂಡ ಕರಗುತ್ತದೆ ಎಂಬುದು ಇನ್ನೊಂದು ಕಾರಣ. ಅದಕ್ಕೆ ಉಪಾಯವುಂಟು. ಭಾರವನ್ನು ಎತ್ತಿ, ಒತ್ತಿ, ಎಳೆದು ಮಾಂಸಖಂಡಗಳಿಗೆ ಕ್ರಮವಾಗಿ ದುಡಿಮೆ ಕೊಡುವುದೇ ಆ ಉಪಾಯ. ಗಂಡಸರು ಗರಡಿಮನೆಯಲ್ಲಿ ಮಾಡುತ್ತ ಬಂದದ್ದೂ ಇದನ್ನೇ. ಹೆಂಗಸರಿಗೆ ಮಾತ್ರ ಹಲವು ತಪ್ಪು ತಿಳಿವಳಿಕೆಗಳು ಅಡ್ಡ ನಿಂತಿವೆ. ಅವನ್ನು ಒಂದೊಂದಾಗಿ ನೋಡೋಣ.

೧. "ಭಾರ ಎತ್ತಿದರೆ ಹೆಣ್ಣಿನ ಮೈ ಗಂಡಸಿನಂತಾಗುತ್ತದೆ."

ಮಾಂಸಖಂಡ ದಪ್ಪವಾಗಲು ಬಹಳ ನೆರವಾಗುವ ಟೆಸ್ಟೋಸ್ಟಿರೋನ್ ಎಂಬ ರಸವು ಪ್ರಾಯದ ಗಂಡಸಿನ ರಕ್ತದಲ್ಲಿ ಹೆಂಗಸಿಗಿಂತ ಹತ್ತು ಪಟ್ಟಿಗೂ ಮಿಗಿಲಾಗಿರುತ್ತದೆ. ಆದುದರಿಂದ ಹೆಂಗಸರಲ್ಲಿ ಬಲ ಚೆನ್ನಾಗಿ ಹೆಚ್ಚಿದರೂ ಮೈ ಅಷ್ಟಾಗಿ ಉಬ್ಬುವುದಿಲ್ಲ. ಮಣಿಪುರದ ಮೀರಾಬಾಯಿ ಚಾನು ಅವರನ್ನು ನೋಡಿ. ಎತ್ತರ ಐದಡಿಯ ಆಸುಪಾಸು. ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕೂಟದಲ್ಲಿ ೪೯ ಕಿಲೋ ತೂಕದ ವರ್ಗದಲ್ಲಿ ಸ್ಪರ್ಧಿಸಿ, ೧೧೫ ಕಿಲೋ ಭಾರವನ್ನು ತಲೆಯ ಮೇಲಕ್ಕೆ ಎತ್ತಿ ಬೆಳ್ಳಿಯ ಪದಕ ಪಡೆದರು. ತಮ್ಮ ತೂಕದ ಎರಡು ಪಟ್ಟಿಗೂ ಹೆಚ್ಚಾಯಿತು! ಅದಕ್ಕೂ ಮೊದಲು, ೨೦೦೦ದಲ್ಲಿ ಸಿಡ್ನಿಯಲ್ಲಿ, ಆಂಧ್ರದ ಕರ್ಣಂ ಮಲ್ಲೇಶ್ವರಿಯವರು ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಅದೂ ಭಾರ ಎತ್ತಿಯೇ.

೨. "ಮನೆಗೆಲಸವೇ ಸಾಕಷ್ಟು ವ್ಯಾಯಾಮ."

ಇದನ್ನು ಬರೆಯುತ್ತಿರುವವನೂ ಒಂದು ಕಾಲಕ್ಕೆ ಮನೆಯಲ್ಲಿ ಹೀಗೆಯೇ ಹೇಳಿದವನು. ನಮ್ಮ ಅಜ್ಜಿಯರು ಒನಕೆ ಹಿಡಿದು ಭತ್ತ ಕುಟ್ಟಿದರು, ಬೀಸುಕಲ್ಲು ತಿರುವಿದರು, ಬಾವಿಯಿಂದ ನೀರು ಸೇದಿದರು. ಇಂದು ಪಟ್ಟಣದಲ್ಲಿ ನಲ್ಲಿ, ಹಿಟ್ಟಿನ ಗಿರಣಿ, ಮಿಕ್ಸರ್ ಬಂದಿವೆ. ಕೆಲಸ ಮುಗಿದಿಲ್ಲ, ದಣಿವೂ ತಪ್ಪಿಲ್ಲ. ಭಾರ ಮಾತ್ರ ಇಳಿದಿದೆ. ದಣಿವು ಬೇರೆ, ಬಲ ಬೇರೆ. ರೂಢಿಯಾದ ಭಾರದಿಂದ ಮಾಂಸಖಂಡ ಬೆಳೆಯುವುದಿಲ್ಲ. ಭಾರ ಸ್ವಲ್ಪಸ್ವಲ್ಪವಾಗಿ ಏರಬೇಕು.

೩. "ನಡೆದರೆ ಸಾಕು."

ನಡಿಗೆ ಹೃದಯಕ್ಕೆ ಒಳ್ಳೆಯದು, ಬಿಡಬಾರದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಕೊಟ್ಟ ಸಲಹೆಯಲ್ಲಿ ಎರಡು ಭಾಗಗಳಿವೆ. ವಾರಕ್ಕೆ ೧೫೦ರಿಂದ ೩೦೦ ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ. ಅದರ ಜೊತೆಗೆ ವಾರದಲ್ಲಿ ಕನಿಷ್ಠ ೨ ದಿನ ಮೈಯ ಮುಖ್ಯ ಮಾಂಸಖಂಡಗಳಿಗೆಲ್ಲ ಬಲಸಾಧನೆ. ಗಂಡಸರಿಗೊಂದು, ಹೆಂಗಸರಿಗೊಂದು ಎಂಬ ಭೇದ ಅಲ್ಲಿಲ್ಲ.

೪. "ವಯಸ್ಸಾದವರು ಭಾರ ಎತ್ತಿದರೆ ಎಲುಬು ಮುರಿದೀತು."

ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಸವೆಯುತ್ತದೆ. ಎಲುಬಿಗೂ ಭಾರ ಬಿದ್ದರೆ ತಾನೇ ಗಟ್ಟಿತನ? ಎಲುಬು ಸವೆದಿದ್ದ ೧೦೧ ಹೆಂಗಸರ ಮೇಲೆ ಆಸ್ಟ್ರೇಲಿಯದಲ್ಲಿ ನಡೆದ ಪರೀಕ್ಷೆಯೊಂದು ೨೦೧೭ರಲ್ಲಿ ಪ್ರಕಟವಾಯಿತು. ತಿಳಿದವರ ಕಣ್ಣೆದುರಿನಲ್ಲಿ ವಾರಕ್ಕೆ ಎರಡು ಸಲ, ಅರ್ಧ ಗಂಟೆಯಂತೆ, ಎಂಟು ತಿಂಗಳು ಭಾರ ಎತ್ತಿದವರ ಬೆನ್ನೆಲುಬು ನೂರಕ್ಕೆ ಸುಮಾರು ೩ರಷ್ಟು ಗಟ್ಟಿಯಾಯಿತು. ಹಗುರ ವ್ಯಾಯಾಮ ಮಾಡಿದವರದು ಇನ್ನಷ್ಟು ಸವೆಯಿತು. ೧೯೯೦ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ವೃದ್ಧರು, ಗಂಡಸರೂ ಹೆಂಗಸರೂ, ಎಂಟು ವಾರ ಸಾಧನೆ ಮಾಡಿದಾಗ ಅವರ ಕಾಲಿನ ಬಲ ಎರಡು ಪಟ್ಟಿಗೂ ಮೀರಿತು.

೫. "ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆ ಕರಗುತ್ತದೆ; ಬಿಟ್ಟರೆ ಮಾಂಸಖಂಡವೇ ಕೊಬ್ಬಾಗುತ್ತದೆ."

ಕೊಬ್ಬು ಬೇರೆ, ಮಾಂಸಖಂಡ ಬೇರೆ, ಒಂದು ಇನ್ನೊಂದಾಗದು. ಯಾವ ಅಂಗವನ್ನು ದುಡಿಸುತ್ತೇವೆಯೋ ಅಲ್ಲಿಯ ಕೊಬ್ಬೇ ಕರಗುತ್ತದೆ ಎಂಬುದೂ ನಿಜವಲ್ಲ.

೬. "ಮುಟ್ಟಿನಲ್ಲಿ, ಬಸಿರಿನಲ್ಲಿ ಕೂಡದು."

ಮುಟ್ಟಿನ ದಿನಗಳಲ್ಲಿ ಮೈಗೆ ಹಿತವೆನಿಸಿದರೆ ಮಾಡಲು ಅಡ್ಡಿಯಿಲ್ಲ. ತೊಡಕಿಲ್ಲದ ಬಸಿರಿನಲ್ಲಿಯೂ ಡಾಕ್ಟರರನ್ನು ಕೇಳಿಕೊಂಡು ಮಿತವಾಗಿ ಮಾಡಬಹುದು.

ಮನೆಯಲ್ಲಿ ಆರಂಭಿಸುವ ಕ್ರಮ

ಹಣ ಬೇಡ; ಹತ್ತಡಿಯ ಕೋಣೆ ಸಾಕು.

(ಅ) ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಅಲುಗಾಡದ ಕುರ್ಚಿಯಿಂದ ಏಳುವುದು, ಮೆಲ್ಲಗೆ ಕೂರುವುದು. ಸುಲಭವಾದ ಮೇಲೆ ಒಂದು ಕಿಲೋ ಅಕ್ಕಿಯ ಚೀಲವನ್ನು ಎದೆಗೆ ಅವಚಿಕೊಂಡು ಏಳುವುದು.

(ಆ) ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈಗಳನ್ನು ಗೋಡೆಗೆ ಊರಿ, ಮೊಣಕೈ ಮಡಿಸಿ ಮುಂದೆ ಬಾಗಿ ಮತ್ತೆ ಹಿಂದಕ್ಕೆ ಒತ್ತುವುದು.

(ಇ) ಒಂದು ಕೈಯನ್ನು ಮೇಜಿನ ಮೇಲೆ ಊರಿ, ಇನ್ನೊಂದು ಕೈಯಿಂದ ಚೀಲವನ್ನು ಸೊಂಟದವರೆಗೆ ಎಳೆಯುವುದು.

(ಈ) ಬಕೆಟ್ಟಿನಲ್ಲಿ ಸ್ವಲ್ಪ ನೀರು ತುಂಬಿ, ಮೊಣಕಾಲು ಸೊಂಟ ಬಾಗಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿ ಇಳಿಸುವುದು. ಒಂದು ಲೀಟರ್ ನೀರೆಂದರೆ ಒಂದು ಕಿಲೋ; ಲೆಕ್ಕ ಸುಲಭ.

ಒಂದೊಂದನ್ನೂ ೮ರಿಂದ ೧೨ ಸಲ, ಎರಡು ಸರದಿ, ವಾರಕ್ಕೆ ಎರಡು ದಿನ. ನಡುವೆ ಒಂದು ದಿನವಾದರೂ ಬಿಡುವಿರಲಿ. ಕೊನೆಯ ಎರಡು ಸಲ ಕಷ್ಟವೆನಿಸಬೇಕು. ೧೨ ಸಲ ಸಲೀಸಾದರೆ ಅರ್ಧ ಕಿಲೋ ಏರಿಸಿ. ಎತ್ತುವಾಗ ಉಸಿರು ಬಿಗಿಹಿಡಿಯದೆ ಹೊರಗೆ ಬಿಡಿ. ಹೃದ್ರೋಗ, ಹೆಚ್ಚಿನ ರಕ್ತದೊತ್ತಡ, ಎಲುಬಿನ ಸವೆತ ಇರುವವರು ಡಾಕ್ಟರರನ್ನು ಕೇಳದೆ ತೊಡಗಬಾರದು. ಎದೆ ನೋವು, ತಲೆ ಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು.

ಊಟದ ಮಾತು ಇನ್ನೊಂದು. ಬಲ ಬರಲು ಬೇಳೆ, ಕಾಳು, ಶೇಂಗಾ, ಮೊಸರು, ಉಣ್ಣುವವರಿಗೆ ಮೊಟ್ಟೆ ಮೀನು ಬೇಕು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವಯಸ್ಸಿನ ನೂರು ಹೆಂಗಸರಲ್ಲಿ ೫೭ ಮಂದಿಗೆ ರಕ್ತಹೀನತೆ. ಸದಾ ಸುಸ್ತೆನ್ನುವವರು ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವ ಪದ್ಧತಿ ನಿಲ್ಲಲಿ.

ಕೊನೆಯದಾಗಿ ಗಂಡಸು ಓದುಗರಲ್ಲಿ ಒಂದು ವಿನಂತಿ. ಪಗಾರದಲ್ಲಿ ನಾಲ್ಕು ಕಾಸು ಮುಪ್ಪಿಗೆಂದು ಉಳಿಸುವವರು ನಾವು. ಮೈಯ ಬಲವೂ ಅಂಥದೇ ಉಳಿತಾಯ. ಪ್ರಾಯದಲ್ಲಿ ಕೂಡಿಟ್ಟದ್ದು ಮುಪ್ಪಿನಲ್ಲಿ ಕೈಗೆ ಬರುತ್ತದೆ. ಮನೆಯ ಹೆಂಗಸಿಗೆ ವಾರದಲ್ಲಿ ಎರಡು ಅರ್ಧ ಗಂಟೆ ಬಿಡುವು ಸಿಗುವಂತೆ ಆ ಹೊತ್ತಿನ ಪಾತ್ರೆ ತೊಳೆಯುವುದನ್ನು, ಮಗು ನೋಡುವುದನ್ನು ನಾವು ವಹಿಸಿಕೊಂಡರೆ, ಮುಂದೆ ಆಕೆ ಯಾರ ಕೈಯನ್ನೂ ಕಾಯದೆ ನೆಲದಿಂದ ಎದ್ದು, ತಾನೇ ಮೆಟ್ಟಿಲಿಳಿದು ಬೀದಿಗೆ ಬಂದಾಳು.