ತೌಡು ಹಿಂದಿರಲಿ, ಕಣಕಿ ಮುಂದಿರಲಿ

ತಮ್ಮಾ, ಮದುವೆ ಸುಗ್ಗಿ ಶುರುವಾದಾಗಿನಿಂದ ನಿನ್ನ ಕುದುರೆಗೆ ಮೇಲಿಂದ ಮೇಲೆ ಹೊಟ್ಟೆನೋವು ಅಂದೆ. ಒಂದು ದಿನ ಲದ್ದಿ ನೀರಾಗುತ್ತದೆ, ಮರುದಿನ ಕಟ್ಟಿಕೊಳ್ಳುತ್ತದೆ. ಯಾವ ಟಾನಿಕ್ ಕೊಡಲಿ ಅಂತ ನಿನ್ನ ಪ್ರಶ್ನೆ. ಟಾನಿಕ್ ಮಾತು ಆಮೇಲೆ. ಮೊದಲು ಗೋದಲಿಯಲ್ಲಿ ಏನು ಬೀಳುತ್ತಿದೆ ನೋಡೋಣ.

ರಾಯಚೂರಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ತೌಡು ಸಲೀಸಾಗಿ ಸಿಗುತ್ತದೆ. ಮಾನ್ವಿ ಕಡೆಯ ಕಾಲುವೆ ಗದ್ದೆಗಳಿಂದ ಭತ್ತದ ಹುಲ್ಲೂ ಬರುತ್ತದೆ. ಎತ್ತು, ಎಮ್ಮೆ ಅದನ್ನೇ ತಿಂದು ಗಟ್ಟಿಯಾಗಿರುವಾಗ ಕುದುರೆಗೇಕೆ ಆಗದು ಅನ್ನಿಸುತ್ತದೆ. ಆದರೆ ಎತ್ತಿಗೆ ಮೆಲುಕು ಇದೆ, ನಾಲ್ಕು ಕೋಣೆಯ ಹೊಟ್ಟೆ ಇದೆ. ಕುದುರೆಗೆ ಇರುವುದು ಒಂದೇ ಜಠರ, ಅದೂ ಸಣ್ಣದು, 8ರಿಂದ 15 ಲೀಟರ್ ಹಿಡಿಯುವಷ್ಟು. ಮೇವಿನ ನಾರು ಹುದುಗಿ ಶಕ್ತಿಯಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಒಮ್ಮೆಗೇ ಕಾಳು, ತೌಡು ಸುರಿದರೆ ಅರಗದೆ ಉಳಿದದ್ದು ಅಲ್ಲಿಗೆ ಜಾರಿ ಹುಳಿಯಾಗುತ್ತದೆ, ವಾಯು ತುಂಬುತ್ತದೆ. ಕುದುರೆಗೆ ವಾಂತಿ ಮಾಡಿಕೊಳ್ಳಲೂ ಬಾರದು, ಪಾಪ.

ತೌಡಿನಲ್ಲಿ ರಂಜಕ ವಿಪರೀತ, ಕ್ಯಾಲ್ಸಿಯಂ ತೀರಾ ಕಡಿಮೆ. ಹಿಂದೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಕುದುರೆಗಳು ಬಹುಕಾಲ ಬರೀ ತೌಡು, ಬೂಸಾ ತಿಂದು ಮುಖದ ಎಲುಬು ಊದಿಕೊಂಡು ನರಳುತ್ತಿದ್ದವು. ಹಳೆಯ ತೌಡು ಬೇಗ ಮುಗ್ಗುಲು ಹಿಡಿಯುತ್ತದೆ ಕೂಡ.

ಆದ್ದರಿಂದ ದೇವದುರ್ಗದ ಕಡೆಯಿಂದ ಹಿಂಗಾರಿ ಬಿಳಿಜೋಳದ ಒಣ ಕಣಕಿ ತರಿಸು. ಎಳೆಯ ಹಸಿ ಜೋಳದ ದಂಟು ಮಾತ್ರ ಬೇಡ, ಅದರಲ್ಲಿ ವಿಷದಂಶ ಇರುತ್ತದೆ. ಬೂಷ್ಟು ಹಿಡಿದ ಶೇಂಗಾ ಬಳ್ಳಿಯೂ ಬೇಡ. 300 ಕಿಲೋ ತೂಗುವ ಕುದುರೆಗೆ ದಿನಕ್ಕೆ 5-6 ಕಿಲೋ ಒಣಮೇವು ಬೇಕು, ಅದನ್ನು ನಾಲ್ಕೈದು ಸಲ ಹಂಚಿ ಹಾಕು. ನೆಲದ ಮೇಲೆ ಸುರಿಯಬೇಡ, ಮೇವಿನ ಜೊತೆ ಹೋದ ಮರಳು ಕರುಳಿನಲ್ಲಿ ಕೂರುತ್ತದೆ. ಹುರುಳಿ ನೆನೆಸಿ ಬೇಯಿಸಿ ಆರಿಸಿ ಕೊಡು, ಒಂದು ಹೊತ್ತಿಗೆ ಅರ್ಧ ಕಿಲೋ ಸಾಕು, ಅದೂ ಮೇವು ತಿಂದ ಮೇಲೆ. ಬದಲಾವಣೆ ಏನೇ ಇದ್ದರೂ ಹತ್ತು ದಿನ ಹಿಡಿದು ಸ್ವಲ್ಪ ಸ್ವಲ್ಪವಾಗಿ ಮಾಡು. ಕರುಳಿನ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಿಕೊಳ್ಳಲು ಅಷ್ಟು ಕಾಲ ಬೇಕು.

ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು. ನೀರು ಕಡಿಮೆಯಾದರೆ ಒಣಮೇವು ಕರುಳಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ದಿನಕ್ಕೆ 25ರಿಂದ 40 ಲೀಟರ್ ಚೊಕ್ಕ ನೀರು ಮುಂದಿರಲಿ, 30 ಗ್ರಾಂ ಉಪ್ಪು ಕೊಡು. ನನ್ನ ಕೇಳಿದರೆ ಮೊದಲ ಟಾನಿಕ್ ಇದೇ.

ಮೆರವಣಿಗೆಗೆ ಹಸಿದ ಹೊಟ್ಟೆಯಲ್ಲಿ ಒಯ್ಯಬೇಡ. ಅದರ ಜಠರದಲ್ಲಿ ಹುಳಿರಸ ಹಗಲೂ ರಾತ್ರಿ ಊರುತ್ತಲೇ ಇರುತ್ತದೆ, ಮೇವಿಲ್ಲದಿದ್ದರೆ ಹುಣ್ಣಾಗುತ್ತದೆ. ಹೊರಡುವ ಮುಂಚೆ ಒಂದು ಹಿಡಿ ಕುದುರೆಮಸಾಲೆ ಸೊಪ್ಪು ಹಾಕು, ಅದರ ಕ್ಯಾಲ್ಸಿಯಂ ಹುಳಿಯನ್ನು ತಗ್ಗಿಸುತ್ತದೆ. ಅಲ್ಲಿ ಬೀಗರು ಪ್ರೀತಿಯಿಂದ ಲಾಡು, ಪಲಾವ್ ಹಿಡಿಯುತ್ತಾರೆ. ಕೈ ಮುಗಿದು ಬೇಡ ಅನ್ನು. 13ನೇ ಶತಮಾನದಲ್ಲಿ ದಕ್ಷಿಣಕ್ಕೆ ಬಂದ ಮಾರ್ಕೊ ಪೋಲೊ, ತಮಿಳು ಕರಾವಳಿಯಲ್ಲಿ ಕುದುರೆಗಳಿಗೆ ಮಾಂಸ ಬೆರೆಸಿದ ಅನ್ನ ಉಣಿಸುತ್ತಾರೆಂದು ಬೆರಗಾಗಿ ಬರೆದಿದ್ದಾನೆ. ಆ ಪದ್ಧತಿ ನಮಗೆ ಬೇಡ.

ಈಗ ನಿನ್ನ ಪ್ರಶ್ನೆಗೆ ಬರೋಣ. ಮರಳು ಸೇರಿದ್ದರೆ ಇಸಬಗೋಲು, ನಾರು ಅರಗಲು ಜೀವಂತ ಯೀಸ್ಟ್, ತೌಡು ಪೂರ್ತಿ ಬಿಡಲಾಗದಿದ್ದರೆ ಸುಣ್ಣಕಲ್ಲಿನ ಪುಡಿ. ಮೂರನ್ನೂ ಡಾಕ್ಟರು ಅಳತೆ ಹೇಳಿದ ಮೇಲೆಯೇ ಕೊಡು. ಜಂತಿನ ಔಷಧಿಗೆ ಮುಂಚೆ ಲದ್ದಿ ಪರೀಕ್ಷೆ ಮಾಡಿಸು. ಲದ್ದಿಯಲ್ಲಿ ಇಡೀ ಕಾಳು ಕಂಡರೆ ಹಲ್ಲು ತೋರಿಸು. ಕೋಳಿ, ದನದ ತಯಾರಿ ಆಹಾರದ ಚೀಲ ಲಾಯದೊಳಗೆ ತರಲೇಬೇಡ. ಅವುಗಳಲ್ಲಿ ಕೆಲವಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಸ್ವಲ್ಪ ಹೋದರೂ ಕುದುರೆ ಸಾಯುತ್ತದೆ.

ಪಕ್ಕೆಯತ್ತ ತಿರುಗಿ ತಿರುಗಿ ನೋಡಿ, ನೆಲ ಕೆರೆದು, ಬೆವರಿ ಹೊರಳಾಡಿದರೆ ಮೇವು ತೆಗೆದುಬಿಡು. ಗೊಟ್ಟದಲ್ಲಿ ಎಣ್ಣೆ, ಸೋಡಾ ಹುಯ್ಯುವ ಧೈರ್ಯ ಮಾಡಬೇಡ, ಪುಪ್ಪುಸಕ್ಕೆ ಇಳಿದರೆ ಉಳಿಯುವುದಿಲ್ಲ. ಡಾಕ್ಟರು ಮೂಗಿನಿಂದ ಕೊಳವೆ ಇಳಿಸಿ ಹಾಕುತ್ತಾರೆ. ಪಶು ಸಹಾಯವಾಣಿ 1962ಕ್ಕೆ ತಕ್ಷಣ ಫೋನ್ ಮಾಡು. ಕೊನೆಯ ಲದ್ದಿ ಯಾವಾಗ ಹಾಕಿತು, ಏನು ತಿಂದಿತ್ತು, ನೀರೆಷ್ಟು ಕುಡಿದಿತ್ತು ಅನ್ನುವುದನ್ನು ಅವರಿಗೆ ಮೊದಲೇ ಹೇಳಿಬಿಡು.