ಆಂಪ್ಲಿಫೈಯರು ಸುಡದಂತೆ ನೋಡಿಕೊಳ್ಳುವುದು ಹೇಗೆ?

ಅಶ್ವಿನಿ, ಭರಣಿ ಮಳೆಗಳಲ್ಲಿ ನೀರಿಗಿಂತ ಗುಡುಗು ಸಿಡಿಲುಗಳೇ ಹೆಚ್ಚು. ಆ ದಿನಗಳಲ್ಲಿ ರಿಪೇರಿ ಅಂಗಡಿಗೆ ಸುಟ್ಟ ಟಿ.ವಿ., ಆಂಪ್ಲಿಫೈಯರುಗಳು ಬರುತ್ತಲೇ ಇರುತ್ತವೆ. “ಸ್ಪೈಕ್ ಬೋರ್ಡು ಹಾಕಿದ್ದೆವಲ್ಲ, ಹೇಗೆ ಸುಟ್ಟಿತು?” ಎಂದು ಒಡೆಯರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ.

ಮನೆಗೆ ಬರಬೇಕಾದ ವಿದ್ಯುತ್ತು 230 ವೋಲ್ಟು. ಪಂಪ್‌ಸೆಟ್ಟುಗಳೂ ಮನೆಗಳೂ ಒಂದೇ ಲೈನಿನಲ್ಲಿರುವ ಕಡೆ, ಮೋಟಾರುಗಳು ಶುರುವಾದಾಗ ಇದು ಇಳಿಯುತ್ತದೆ, ನಿಂತಾಗ ಏರುತ್ತದೆ. ಈ ನಿಧಾನದ ಏರಿಳಿತಕ್ಕೆ ಸ್ಟೆಬಿಲೈಸರೇ ಮದ್ದು. ಸೆಟ್ಟಿನ ಹಿಂದೆ 100ರಿಂದ 240 ವೋಲ್ಟು ಎಂದು ಬರೆದಿದ್ದರೆ, ಇಳಿತಕ್ಕೆಂದು ಅದನ್ನು ಕೊಳ್ಳಬೇಕಾಗಿಲ್ಲ.

ಸಿಡಿಲಿನ ಹೊಡೆತ ಬೇರೆ. ದೂರದಲ್ಲಿ ಸಿಡಿಲು ಬಡಿದರೂ ತಂತಿಯಲ್ಲಿ ಸಾವಿರಾರು ವೋಲ್ಟು ಕಣ್ಣು ಮಿಟುಕಿಸುವುದರೊಳಗೆ ಹಾದುಹೋಗುತ್ತದೆ. ಸ್ಟೆಬಿಲೈಸರಿಗೆ ಅಷ್ಟು ಚುರುಕಿಲ್ಲ. ಇದಕ್ಕೆ ಬೇಕಾದದ್ದು ಸರ್ಜ್ ಪ್ರೊಟೆಕ್ಟರ್. ಅದರೊಳಗಿನ ಸತುವಿನ ಆಕ್ಸೈಡಿನ ಬಿಲ್ಲೆ ಕೆರೆಯ ಕೋಡಿಯಂತೆ ಕೆಲಸ ಮಾಡುತ್ತದೆ. ಮಟ್ಟ ಸರಿಯಿದ್ದಾಗ ಸುಮ್ಮನಿರುತ್ತದೆ. ಮೀರಿದೊಡನೆ ಹೆಚ್ಚಾದದ್ದನ್ನು ಪಕ್ಕಕ್ಕೆ ಹರಿಸುತ್ತದೆ. ಕೋಡಿಯ ನೀರಿಗೆ ಕಾಲುವೆ ಬೇಕಲ್ಲವೆ? ಇಲ್ಲಿ ಆ ಕಾಲುವೆ ಅರ್ತಿಂಗು. ಅದಿಲ್ಲದ ಮನೆಯಲ್ಲಿ ಒಳ್ಳೆಯ ಪ್ರೊಟೆಕ್ಟರೂ ಅರೆಕೆಲಸದ್ದೇ.

ಪೆಟ್ಟು ತಿಂದಷ್ಟೂ ಬಿಲ್ಲೆ ಸವೆಯುತ್ತದೆ. ಕೆಂಪು ದೀಪ ಉರಿಯುತ್ತಿದ್ದರೆ ಎಷ್ಟೋ ಬೋರ್ಡುಗಳಲ್ಲಿ ಕರೆಂಟು ಬಂದಿದೆ ಎಂದಷ್ಟೇ ಅರ್ಥ. ಅಗ್ಗದ ಕೆಲವು ಬೋರ್ಡುಗಳಲ್ಲಂತೂ ಬಿಲ್ಲೆಯೇ ಇರುವುದಿಲ್ಲ. ಸ್ಪೈಕ್ ಎಂಬ ಹೆಸರು ಮಾತ್ರ. ಕೊಳ್ಳುವಾಗ ಪೊಟ್ಟಣದ ಮೇಲೆ ಎಷ್ಟು ಜೌಲ್ ತಡೆಯುತ್ತದೆಂದು ನಮೂದಾಗಿದೆಯೇ ನೋಡಬೇಕು.

ಎಲ್ಲಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ತಂತಿ ಕಡಿಯುವುದು. ಆಗ ಕೆಲವು ಮನೆಗಳಿಗೆ 400 ವೋಲ್ಟಿನ ಹತ್ತಿರದವರೆಗೂ ಬರಬಹುದು. ಕ್ಷಣದ ಪೆಟ್ಟಿಗೆಂದು ಮಾಡಿದ ಬಿಲ್ಲೆ ಇದನ್ನು ತಾಳದೆ ತಾನೇ ಸುಡುತ್ತದೆ, ಬೆಂಕಿಯೂ ಹತ್ತೀತು. ಬೀದಿಯ ಒಂದು ಮನೆಯ ಬಲ್ಬು ಕಣ್ಣು ಕೋರೈಸುತ್ತಿದ್ದು ಇನ್ನೊಂದು ಮನೆಯದು ಮಂಕಾಗಿದ್ದರೆ ತಡಮಾಡದೆ ಮೇನ್ ಸ್ವಿಚ್ ಆರಿಸಿ, ಲೈನ್‌ಮನ್ನರಿಗೆ ಸುದ್ದಿ ಮುಟ್ಟಿಸಿರಿ. ವೋಲ್ಟೇಜು ಮೀರಿದರೆ ತಾನಾಗಿ ಕರೆಂಟು ಕಡಿಯುವ ಸಾಧನವನ್ನು ಮೀಟರಿನ ಮುಂದಿನ ಬೋರ್ಡಿನಲ್ಲಿ ಹಾಕಿಸಿಕೊಳ್ಳಬಹುದು. ಹಣ ಒಂದಕ್ಕೇ ಸಾಲುವುದಾದರೆ, ಮೊದಲು ಅರ್ತಿಂಗು ಮಾಡಿಸಿ ಎಂಬುದು ನಮ್ಮ ಸಲಹೆ.

ಅರ್ತಿಂಗಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸತಕ್ಕದ್ದು. ಇದ್ದಿಲು, ಉಪ್ಪು ತುಂಬಿದ ಗುಂಡಿಯಾದರೆ ಬೇಸಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಬೇಕು. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವ ಅಭ್ಯಾಸ ಹಲವರಲ್ಲಿದೆ. ಇದು ಸೆಟ್ಟಿಗಷ್ಟೇ ಕೇಡಲ್ಲ. ಆಂಪ್ಲಿಫೈಯರಿನ ಒಳಗೆ ತಂತಿ ಸಡಿಲವಾಗಿ ತಗಡಿಗೆ ತಾಗಿದರೆ, ಆ ವಿದ್ಯುತ್ತು ಮೈಕಿನ ತಂತಿಯಲ್ಲಿ ಹರಿದು ಭಜನೆ ಹಾಡುವವರ ಕೈ ಸೇರೀತು. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತವರು ಉಳಿಯುವುದು ಕಷ್ಟ. ಮೈಕು ಚುರುಗುಟ್ಟಿದರೆ ನಗುತ್ತಾ ಬಟ್ಟೆ ಸುತ್ತಿ ಹಿಡಿಯಬೇಡಿರಿ. ಮೇನ್ ಸ್ವಿಚ್ ಆರಿಸಿರಿ.

ನೆತ್ತಿಯ ಮೇಲೆ ಸಿಡಿಲು ಬಿದ್ದರೆ ಯಾವ ಬೋರ್ಡೂ ಆಗದು. ಮೋಡ ಕವಿಯುತ್ತಲೇ, ಗುಡುಗು ಕೇಳುವ ಮೊದಲೇ, ಪ್ಲಗ್ಗನ್ನೂ ಡಿಶ್ಶಿನ ಕೇಬಲ್ಲನ್ನೂ ಕಿತ್ತಿಡಿರಿ. ಗುಡುಗು ಶುರುವಾದ ಮೇಲೆ ಅವನ್ನು ಮುಟ್ಟಕೂಡದು.