ಬರೆಯುವವರು ಡಾಕ್ಟರು, ಕೊಡುವವರು ಸಿಸ್ಟರು: ನಡುವಿನ ಕಾನೂನು

ಬೀದಿಯಲ್ಲಿ ಒಬ್ಬರು ನರ್ಸ್ ಇದ್ದರೆ ಇಡೀ ಬೀದಿಗೇ ಧೈರ್ಯ. ರಾತ್ರಿ ಹತ್ತಕ್ಕೆ ಮಗುವಿಗೆ ಜ್ವರ ಏರಿದರೆ ಎತ್ತಿಕೊಂಡು ಹೋಗಿ ಅವರ ಬಾಗಿಲು ತಟ್ಟುತ್ತೇವೆ. "ಸಿಸ್ಟರ್, ಮೆಡಿಕಲ್‌ನಿಂದ ತಂದಿದ್ದೀನಿ, ಒಂದು ಇಂಜೆಕ್ಷನ್ ಹಾಕಿಬಿಡಿ" ಅನ್ನುತ್ತೇವೆ. ಅವರು ಹಿಂದೆಮುಂದೆ ನೋಡಿದರೆ ನಮಗೆ ಮುನಿಸು: "ಆಸ್ಪತ್ರೇಲಿ ದಿನಾ ಹಾಕ್ತೀರಲ್ಲ, ನಮಗೆ ಹಾಕೋಕೆ ಏನಂತೆ?" ಆಸ್ಪತ್ರೆಯಲ್ಲಿ ಅವರು ಹಾಕುವ ಇಂಜೆಕ್ಷನ್‌ನ ಹಿಂದೆ ಒಬ್ಬ ವೈದ್ಯರ ಬರಹ, ಸಹಿ, ವೇಳೆ ಎಲ್ಲ ಇರುತ್ತದೆ. ಮಗುವಿಗೆ ಔಷಧಿ ಒಗ್ಗದೆ ಉಸಿರುಗಟ್ಟಿದರೆ ಅಲ್ಲಿ ಆಮ್ಲಜನಕವಿದೆ, ಅಡ್ರಿನಲಿನ್ ಇದೆ. ಮನೆಯ ಜಗಲಿಯ ಮೇಲೆ ಇವು ಒಂದೂ ಇಲ್ಲ. ಅವರ ಹಿಂಜರಿಕೆಯಲ್ಲಿ ವೃತ್ತಿಧರ್ಮವೂ ಇದೆ, ಕಾನೂನೂ ಇದೆ.

ನರ್ಸ್ ಏನೇನು ಮಾಡಬಹುದು ಎಂಬ ಪಟ್ಟಿ ಒಂದೇ ಕಾಯ್ದೆಯಲ್ಲಿ ಸಿಗುವುದಿಲ್ಲ. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆ ಹೇಳುವುದು ತರಬೇತಿಯ ಗುಣಮಟ್ಟ ಮತ್ತು ನೋಂದಣಿಯ ವಿಷಯ. ಅದರ ಜಾಗಕ್ಕೆ ಬರಲೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯೊಂದಿದ್ದು, ನೋಂದಣಿಯ ಕೆಲಸ ರಾಜ್ಯ ಶುಶ್ರೂಷಾ ಪರಿಷತ್ತಿನದು. ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಅಥವಾ ಎಎನ್‌ಎಂ ಕೋರ್ಸ್ ಮುಗಿಸಿ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಬರೆಸಿದವರು ಮಾತ್ರ ಕಾನೂನಿನ ಕಣ್ಣಿಗೆ ನರ್ಸ್. ಬಿಳಿ ಕೋಟು ತೊಟ್ಟು ವಾರ್ಡಿನಲ್ಲಿ ಓಡಾಡುವವರೆಲ್ಲ ನರ್ಸ್ ಅಲ್ಲ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ನಾಲ್ಕಾರು ತಿಂಗಳು ಕೆಲಸ ನೋಡಿ ಕಲಿತವರ ಕೈಯಲ್ಲಿ ಸಿರಿಂಜ್ ಕೊಡುವುದುಂಟು. "ನೀವು ರಿಜಿಸ್ಟರ್ಡ್ ನರ್ಸಾ?" ಎಂದು ವಿನಯದಿಂದ ಕೇಳುವ ಹಕ್ಕು ರೋಗಿಯ ಕಡೆಯವರಿಗೆ ಇದೆ.

ಪಟ್ಟಿ ಇಲ್ಲದಿದ್ದರೂ ಮುಖ್ಯ ಗೆರೆಯನ್ನು ಔಷಧ ಕಾನೂನು ಎಳೆದಿದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ ಹಾಗೂ 1945ರ ನಿಯಮಗಳ ಪ್ರಕಾರ ಶೆಡ್ಯೂಲ್ ಎಚ್, ಎಚ್1, ಎಕ್ಸ್ ಗುಂಪಿನ ಔಷಧಿಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಬಹುಪಾಲು ಆಂಟಿಬಯೋಟಿಕ್‌ಗಳೂ ನಿದ್ದೆ ಮಾತ್ರೆಗಳೂ ಈ ಗುಂಪುಗಳಲ್ಲೇ ಬರುತ್ತವೆ. ಎಚ್1 ಔಷಧಿ ಕೊಂಡವರ ವಿವರವನ್ನು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನರ್ಸ್ ಬರೆದುಕೊಟ್ಟ ಚೀಟಿ ಈ ನಿಯಮಗಳಡಿ ವೈದ್ಯರ ಚೀಟಿ ಆಗುವುದಿಲ್ಲ. ಯಾವ ಔಷಧಿ, ಎಷ್ಟು, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ತೀರ್ಮಾನಿಸುವವರು ವೈದ್ಯರು. ಅದನ್ನು ಸರಿಯಾಗಿ ಓದಿ, ತಯಾರಿಸಿ, ಕೊಟ್ಟು, ಆಮೇಲೆ ರೋಗಿಯ ಮೇಲೆ ಕಣ್ಣಿಟ್ಟು, ಕೇಸ್ ಶೀಟಿನಲ್ಲಿ ಬರೆಯುವುದು ನರ್ಸ್ ಕೆಲಸ.

ಆದರೆ ಊರಿನ ಉಪಕೇಂದ್ರಕ್ಕೆ ಬಂದರೆ ಚಿತ್ರ ಬೇರೆ, ಇದನ್ನು ಹಳ್ಳಿಯವರು ತಿಳಿದಿರಬೇಕು. 1945ರ ನಿಯಮಗಳ ಶೆಡ್ಯೂಲ್ ಕೆ ಪ್ರಕಾರ ಸರ್ಕಾರಿ ಆರೋಗ್ಯ ಕಾರ್ಯಕ್ರಮಗಳಡಿ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರಗಳ ನರ್ಸ್‌, ಎಎನ್‌ಎಂಗಳು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಔಷಧಿ ಕೊಡಲು ಮಾರಾಟದ ಲೈಸೆನ್ಸ್ ಬೇಕಿಲ್ಲ. ಕಬ್ಬಿಣಾಂಶದ ಮಾತ್ರೆ, ಓಆರ್‌ಎಸ್ ಪೊಟ್ಟಣ ಮನೆ ಬಾಗಿಲಿಗೆ ಬರುವುದು ಹೀಗೆ. ಜೀವ ಉಳಿಸುವ ಕೆಲವು ಇಂಜೆಕ್ಷನ್‌ಗಳಿಗೂ ಕೇಂದ್ರ ಆರೋಗ್ಯ ಸಚಿವಾಲಯ ಎಎನ್‌ಎಂಗಳಿಗೆ ಅನುಮತಿ ಕೊಟ್ಟಿದೆ. ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ 10 ಯೂನಿಟ್. ಬಸುರಿಗೆ ಬಿಪಿ ಏರಿ ಫಿಟ್ಸ್ ಬಂದರೆ ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್. 2014ರ ಮಾರ್ಗಸೂಚಿಯಂತೆ, ನಂಜಿನ ಲಕ್ಷಣವಿರುವ ಎಳೆಶಿಶುವಿಗೆ ಜೆಂಟಾಮೈಸಿನ್. ಇಂಥ ಹೊತ್ತಿನಲ್ಲಿ "ಡಾಕ್ಟರ್ ಬರಲಿ, ಅಲ್ಲೀತನಕ ಮುಟ್ಟಬೇಡಿ" ಎಂದು ಅವರನ್ನು ತಡೆದರೆ ಹೋಗುವುದು ತಾಯಿಯ, ಮಗುವಿನ ಪ್ರಾಣ. ಅದೇ ಎಎನ್‌ಎಂ ಬಳಿ ಹೋಗಿ "ಮೈಕೈ ನೋವಿಗೆ ಒಂದು ಡ್ರಿಪ್ ಏರಿಸಿ" ಎಂದರೆ ಅವರು ಒಲ್ಲೆ ಅನ್ನಬೇಕು. ಸಿಕ್ಕ ಅನುಮತಿ ಆಯಾ ಔಷಧಿಗೆ, ಆಯಾ ಸಂದರ್ಭಕ್ಕೆ ಮಾತ್ರ.

ಇನ್ನು ವಾರ್ಡಿನೊಳಗಿನ ಮಾತು. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ, ಕೊಟ್ಟದ್ದರ ದಾಖಲೆ: ನರ್ಸಿಂಗ್ ವಿದ್ಯಾರ್ಥಿಗಳು ಮೊದಲ ವರ್ಷವೇ ಬಾಯಿಪಾಠ ಮಾಡುವ ಪಾಠ ಇದು. ನ್ಯಾಯಾಲಯದಲ್ಲಿ ಎಚ್ಚರಿಕೆ ತಪ್ಪಿತೋ ಇಲ್ಲವೋ ಎಂದು ಅಳೆಯುವಾಗ ಇದೇ ಪಾಠ ಅಳತೆಗೋಲಾಗುತ್ತದೆ. ಅದಕ್ಕೇ ಸಿಸ್ಟರ್ ದಿನಕ್ಕೆ ನಾಲ್ಕು ಸಲ ಬಂದು ನಾಲ್ಕು ಸಲವೂ ಹೆಸರು ಕೇಳಿದರೆ ಬೇಸರಪಡಬೇಡಿ. "ಲಕ್ಷ್ಮಮ್ಮ ಅಲ್ವಾ?" ಎಂದಾಗ ನಿದ್ದೆಗಣ್ಣಿನಲ್ಲಿ ಹೂಂ ಅನ್ನುವ ಬದಲು ಪೂರ್ತಿ ಹೆಸರನ್ನು ನೀವೇ ಹೇಳಿ. ಯಾವುದಾದರೂ ಔಷಧಿ ಒಗ್ಗುವುದಿಲ್ಲವಾದರೆ ದಾಖಲಾದ ದಿನವೇ ಹೇಳಿ, ಕೇಸ್ ಶೀಟಿನಲ್ಲಿ ಬರೆಸಿ.

ಸಕ್ಕರೆ ಕಾಯಿಲೆಯವರ ಮನೆಯವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್. 100 ಯೂನಿಟ್‌ನದೂ ಸಿಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್‌ಅನ್ನು 40ರ ಸಿರಿಂಜಿನಲ್ಲಿ ಅಳೆದರೆ ಮೈಗೆ ಹೋಗುವುದು ಎರಡೂವರೆ ಪಟ್ಟು, ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್, ಮಾರ್ಫಿನ್ ಇಂಥವನ್ನು ಕೊಡುವ ಮುನ್ನ ಇಬ್ಬರು ನರ್ಸ್‌ಗಳು ಒಟ್ಟಿಗೆ ನೋಡಿ ಖಾತ್ರಿ ಮಾಡಿಕೊಳ್ಳುವ ಪದ್ಧತಿ ಒಳ್ಳೆಯ ಆಸ್ಪತ್ರೆಗಳಲ್ಲಿದೆ.

ಡಾಕ್ಟರ ಬರಹ ಓದಲಾಗದಿದ್ದರೆ? ಪ್ರಮಾಣ ಅತಿಯಾಯಿತು ಅನ್ನಿಸಿದರೆ? ಕೊಡುವುದನ್ನು ನಿಲ್ಲಿಸಿ ಕೇಳಬೇಕು. ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯರ ನಡವಳಿಕೆ ನಿಯಮಗಳಿಗೆ 2016ರಲ್ಲೇ ತಿದ್ದುಪಡಿ ಬಂದಿದೆ, ಹಾಗಾಗಿ ಕೇಳುವ ನರ್ಸ್ ಯಾರ ಮರ್ಯಾದೆಯನ್ನೂ ಕಳೆಯುತ್ತಿಲ್ಲ. ರಾತ್ರಿ ಡ್ಯೂಟಿಯಲ್ಲಿ ಫೋನಿನ ಮೇಲೆ ಹೇಳಿದ ಔಷಧಿಯನ್ನು ವೈದ್ಯರಿಗೇ ತಿರುಗಿ ಓದಿ ಹೇಳಿ, ವೇಳೆ ಸಮೇತ ಬರೆದುಕೊಂಡು, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು. "ಡಾಕ್ಟರೇ ಹೇಳಿದ್ದರು" ಎಂಬ ಒಂದೇ ಮಾತು, ಕಣ್ಣಿಗೆ ರಾಚುವ ತಪ್ಪಿನಿಂದ ನರ್ಸ್‌ರನ್ನು ಕಾಪಾಡಲಾರದು.

ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಪ್ರಕರಣ ದೆಹಲಿಯದು. 1993ರ ಡಿಸೆಂಬರ್, ಟೈಫಾಯ್ಡ್ ಎಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದ ಪುಟ್ಟ ಹುಡುಗ. ನರ್ಸ್ ಹೇಳಿದ ಇಂಜೆಕ್ಷನ್‌ಅನ್ನು ತಂದೆಯೇ ಹೋಗಿ ತಂದುಕೊಟ್ಟರು. ಆಕೆ ಕ್ಲೋರೋಕ್ವಿನ್‌ಅನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟಳು, ಅದೂ ಮಿತಿ ಮೀರಿ. ಮಗುವಿನ ಹೃದಯ ನಿಂತಿತು; ಜೀವ ಉಳಿದರೂ ಮಿದುಳು ಉಳಿಯಲಿಲ್ಲ. ವಿಚಾರಣೆಯಲ್ಲಿ ಹೊರಬಂದದ್ದು ಎರಡು ಸಂಗತಿ: ಆಕೆಗೆ ಅರ್ಹತೆ ಇರಲಿಲ್ಲ, ಮತ್ತು ಖುದ್ದಾಗಿ ಕೊಡಬೇಕಿದ್ದ ವೈದ್ಯರು ಅದನ್ನು ಆಕೆಗೆ ಬಿಟ್ಟಿದ್ದರು. 1998ರಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಯನ್ನೇ ಹೊಣೆ ಮಾಡಿ, ಮಗುವಿಗೆ 12.5 ಲಕ್ಷ, ತಂದೆತಾಯಿಯ ಸಂಕಟಕ್ಕೆ ಪ್ರತ್ಯೇಕವಾಗಿ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಹೆತ್ತವರೂ ಗ್ರಾಹಕರೇ ಎಂದು ಆ ತೀರ್ಪು ಹೇಳಿತು. 2004ರ ಇನ್ನೊಂದು ತೀರ್ಪಿನಂತೆ, ತಪ್ಪು ಮಾಡಿದ ವೈದ್ಯರನ್ನು ಹೆಸರಿಸಿ ಪಕ್ಷಗಾರರನ್ನಾಗಿ ಮಾಡಲಿಲ್ಲ ಎಂಬ ಕಾರಣಕ್ಕೆ ಆಸ್ಪತ್ರೆಯ ಮೇಲಿನ ದೂರು ಬಿದ್ದುಹೋಗುವುದಿಲ್ಲ. ವಾರ್ಡಿನಲ್ಲಿ ಯಾರು ಬಂದರು, ಯಾರು ಹೋದರು ಎಂದು ತಿಳಿಯದ ಬಡ ಕುಟುಂಬಕ್ಕೆ ಇದು ದೊಡ್ಡ ಆಸರೆ.

ಕ್ರಿಮಿನಲ್ ಕಾನೂನಿನಲ್ಲಿ ಮಾತ್ರ ನರ್ಸ್‌ಗಳಿಗೆ ಅನ್ಯಾಯವಾಗಿದೆ ಎಂಬುದು ನನ್ನ ಅಭಿಪ್ರಾಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಜೈಲು. ವೈದ್ಯಕೀಯ ಕ್ರಿಯೆ ನಡೆಸುವಾಗ ಆದದ್ದಾದರೆ ನೋಂದಾಯಿತ ವೈದ್ಯರಿಗೆ ಎರಡೇ ವರ್ಷ. ಆ ವಿನಾಯಿತಿಯ ವಿವರಣೆಯಲ್ಲಿ ವೈದ್ಯರ ರಿಜಿಸ್ಟರಿನಲ್ಲಿ ಹೆಸರಿರುವವರಷ್ಟೇ ಬರುತ್ತಾರೆ, ನರ್ಸ್ ಬರುವುದಿಲ್ಲ. ಹಳೆಯ ದಂಡ ಸಂಹಿತೆಯಲ್ಲಿ ಎಲ್ಲರಿಗೂ ಎರಡು ವರ್ಷವೇ ಇತ್ತು. ಒಂದೇ ಹಾಸಿಗೆಯ ಪಕ್ಕದಲ್ಲಿ, ಒಂದೇ ಚಿಕಿತ್ಸೆಯಲ್ಲಿ, ಕಡಿಮೆ ಸಂಬಳದ ಕೈಗೆ ಹೆಚ್ಚಿನ ಶಿಕ್ಷೆಯ ಭಯ. ಇದನ್ನು ಶಾಸಕಾಂಗ ಸರಿಪಡಿಸಬೇಕು.

ತಪ್ಪು ಔಷಧಿ ಕೊಟ್ಟರು ಎಂಬ ಅನುಮಾನ ಬಂದರೆ ಗಲಾಟೆಗೆ ಮುಂಚೆ ಮಾಡಬೇಕಾದ ಕೆಲಸಗಳಿವೆ. ಖಾಲಿ ಸೀಸೆ, ಆಂಪ್ಯೂಲ್, ಮಾತ್ರೆಯ ಪಟ್ಟಿಯನ್ನು ಎಸೆಯಬೇಡಿ ಎಂದು ಆಗಲೇ ಹೇಳಿ. ಬ್ಯಾಚ್ ನಂಬರಿನ ಫೋಟೋ ತೆಗೆದುಕೊಳ್ಳಿ. ಕೇಸ್ ಶೀಟ್ ಮತ್ತು ಡ್ರಗ್ ಚಾರ್ಟಿನ ಪ್ರತಿ ಬೇಕೆಂದು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ನಡವಳಿಕೆಯ 2002ರ ನಿಯಮಗಳಂತೆ 72 ಗಂಟೆಯೊಳಗೆ ಕೊಡಬೇಕು. ಖಾಸಗಿ ಆಸ್ಪತ್ರೆಯ ಮೇಲೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗ: ಘಟನೆ ನಡೆದ ಎರಡು ವರ್ಷದೊಳಗೆ ಹೋಗಬೇಕು, ಚಿಕಿತ್ಸೆಗೆ ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗೆ ಉಳಿಯುತ್ತದೆ. ಅಲ್ಲಿನ ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದುಕೊಡಿ, 104 ಆರೋಗ್ಯ ಸಹಾಯವಾಣಿಗೂ ಹೇಳಿ. ಪರಿಹಾರಕ್ಕೆ ಸಿವಿಲ್ ಕೋರ್ಟ್ ಇದೆ.

ಯಾರ ತಪ್ಪೂ ಇಲ್ಲದೆ, ಸರಿಯಾಗಿ ಕೊಟ್ಟ ಔಷಧಿಯೇ ಮೈಗೆ ಒಗ್ಗದೆ ಹೋಗುವುದೂ ಉಂಟು. ಅದನ್ನು ತಿಳಿಸಲು ಕೇಂದ್ರದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಫೋನ್ ಸಂಖ್ಯೆ 1800-180-3024. ರೋಗಿಯೂ ಕರೆ ಮಾಡಬಹುದು, ನರ್ಸ್ ಕೂಡ.